ಮದ್ದಿನ ಸಾಕ್ಷಿ

ಕನ್ನಡದಲ್ಲಿ ‘ಮದ್ದು’ ಎಂಬುದು ಬಲು ಹಳೆಯ ಮಾತು. ರೋಗವನ್ನು ಕಳೆಯುವ ಔಷಧಕ್ಕೆ ಮದ್ದೆನ್ನುತ್ತೇವೆ. ಬಂದೂಕಿಗೆ ತುಂಬುವ ಪುಡಿಗೂ ಮದ್ದೆನ್ನುತ್ತೇವೆ. ಹಗೆಯಿಂದ ಅನ್ನದಲ್ಲಿ ಬೆರೆಸಿ ಇಕ್ಕಿದ ವಿಷವನ್ನು ಕುರಿತೂ ಹಳ್ಳಿಯವರು ‘ಮದ್ದು ಹಾಕಿದರು’ ಎಂದೇ ಹೇಳುತ್ತಾರೆ. ಜೀವವನ್ನು ಉಳಿಸುವುದಕ್ಕೂ ತೆಗೆಯುವುದಕ್ಕೂ ಒಂದೇ ಶಬ್ದವಾದುದು ನಮ್ಮ ಭಾಷೆಯ ಬಡತನವೆಂದು ಯಾರೂ ತಿಳಿಯಬಾರದು. ಗ್ರೀಕರ ‘ಫಾರ್ಮಕಾನ್’ ಎಂಬ ಶಬ್ದಕ್ಕೂ ಈ ಎರಡು ಅರ್ಥಗಳುಂಟು. ತೀಕ್ಷ್ಣವಾದ ವಿಷವೂ ಯುಕ್ತಿಯಿಂದ ಬಳಸಿದರೆ ಔಷಧವಾಗುವುದು, ಔಷಧವೂ ಯುಕ್ತಿ ತಪ್ಪಿದರೆ ವಿಷವಾಗುವುದು ಎಂಬ ಅಭಿಪ್ರಾಯವು ಚರಕಸಂಹಿತೆಯಲ್ಲಿದೆ. ವಿಷವೆನಿಸುವುದು ವಸ್ತುವಿನಿಂದಲ್ಲ, ಪ್ರಮಾಣದಿಂದ ಎಂದು 16ನೆಯ ಶತಮಾನದಲ್ಲಿ ಯುರೋಪಿನ ಪಾರಾಸೆಲ್ಸಸ್ ಎಂಬ ವೈದ್ಯನೂ ಹೇಳಿದನು.

ಈ ಹಳೆಯ ಮಾತು ಮನಸ್ಸಿನ ಬೇನೆಗೆ ಕೊಡುವ ಔಷಧಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಇಂತಹ ಔಷಧವನ್ನು ಬಹುಕಾಲ ಸೇವಿಸುತ್ತಿದ್ದವರೊಬ್ಬರು ಅಕಸ್ಮಾತ್ತಾಗಿ ತೀರಿಕೊಂಡರೆನ್ನಿ. ಅವರನ್ನು ಕೊಂದುದು ರೋಗವೋ, ಔಷಧವೋ, ಅವರ ಕೈಯೋ, ಇತರರ ಕೈಯೋ? ಈ ಪ್ರಶ್ನೆಗೆ ದೇಹದಲ್ಲಿ ಉಳಿದ ರಸಾಯನಗಳ ಮೂಲಕ ಉತ್ತರವನ್ನು ಹುಡುಕುವ ಶಾಸ್ತ್ರಕ್ಕೆ ನ್ಯಾಯವೈದ್ಯಕ ವಿಷಶಾಸ್ತ್ರವೆಂದು ಹೆಸರು. ನಾನು ವೈದ್ಯನಲ್ಲ; ಹುಡುಗರಿಗೆ ಕನ್ನಡ ಕಲಿಸುವ ಮಾಸ್ತರನು. ಆದರೂ ಈ ವಿಷಯವನ್ನು ಕುರಿತು ನಾಲ್ಕು ಮಾತು ಆಡಬೇಕೆನಿಸಿದುದಕ್ಕೆ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಹಿಡಕಲ್ ಜಲಾಶಯದ ಕೆಳಗಿನ ಒಂದು ಹಳ್ಳಿಯಲ್ಲಿ ನಾನು ಶವದ ಪಂಚನಾಮೆಗೆ ಪಂಚನಾಗಿ ನಿಂತಿದ್ದೆನು.

ಅದು ಕಡುಬೇಸಗೆ. ಘಟಪ್ರಭೆಯ ಪಾತ್ರದಲ್ಲಿ ಬಂಡೆಗಳು ಕಾಣುತ್ತಿದ್ದ ಕಾಲ. ಐವತ್ತು ದಾಟಿದ ಒಬ್ಬ ಒಕ್ಕಲಿಗರು ಬೆಳಗಾಗುವುದರೊಳಗೆ ತಮ್ಮ ಹಾಸಿಗೆಯಲ್ಲಿಯೇ ತೀರಿಕೊಂಡಿದ್ದರು. ಅವರಿಗೂ ಅವರ ತಮ್ಮನಿಗೂ ಹೊಲದ ಬದುವಿನ ಸಲುವಾಗಿ ಬಹಳ ದಿನಗಳ ಜಗಳವಿದ್ದಿತು. ದನದ ಕೊಟ್ಟಿಗೆಯಲ್ಲಿ ಕಬ್ಬಿಗೆ ಹೊಡೆಯುವ ಎಣ್ಣೆಯ ಡಬ್ಬಿಯೊಂದು ಇದ್ದಿತು. ಇಷ್ಟು ಸಾಕಲ್ಲವೆ, ಊರಿನ ಬಾಯಿಗೆ? ಸೂರ್ಯ ಮೇಲೇರುವುದರೊಳಗೆ ಒಬ್ಬರು ‘ಎಣ್ಣಿ ಕುಡದಾರ’ ಎಂದರು, ಇನ್ನೊಬ್ಬರು ‘ತಮ್ಮನೇ ಹಾಕ್ಯಾನ’ ಎಂದರು.

ಫೌಜದಾರರು ಬಂದರು. ಶವವನ್ನು ನೋಡಿದರು, ಡಬ್ಬಿಯನ್ನು ವಶಪಡಿಸಿಕೊಂಡರು. ಆಮೇಲೆ ತೀರಿಕೊಂಡವರ ಮಗನನ್ನು ಕರೆದು ಕೇಳಿದರು: “ಏನರ ಜಡ್ಡು ಇತ್ತೇನು ನಿಮ್ಮಪ್ಪಗ? ಗುಳಿಗಿ ಏನರ ತಗೋತಿದ್ರೇನು?”

ಹುಡುಗನು ತಲೆ ಎತ್ತದೆ, “ಇಲ್ರೀ ಸಾಹೇಬ್ರ. ಯಾವ ಜಡ್ಡೂ ಇದ್ದಿಲ್ರಿ” ಎಂದನು.

ಹಾಗೆಯೇ ಬರೆದುಕೊಂಡರು. ನಾನು ಸಹಿ ಹಾಕಿದೆನು. ಸಹಿ ಹಾಕುವಾಗ ನನ್ನ ಕೈ ತಡೆಯಿತು. ಏಕೆಂದರೆ ಅದು ಸುಳ್ಳೆಂದು ನನಗೆ ಗೊತ್ತಿದ್ದಿತು. ಆ ಹಿರಿಯರು ಹಲವು ವರ್ಷಗಳಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಹೋಗಿ ಔಷಧ ತರುತ್ತಿದ್ದರು. ಊರವರಿಗೆ ಅವರು ಹೇಳುತ್ತಿದ್ದುದು ಕೋರ್ಟಿನ ಕೆಲಸವೆಂದು. ಒಮ್ಮೆ ಅದೇ ಬಸ್ಸಿನಲ್ಲಿ ನಾನೂ ಇದ್ದೆನು. ಅವರ ಕೈಯಲ್ಲಿದ್ದ ಚೀಟಿಯನ್ನು ಕಂಡೆನು. ಆಗ ಅವರು ನನ್ನ ಕೈ ಹಿಡಿದು, “ಮಾಸ್ತರ್ರ, ಊರಾಗ ಹೇಳಬ್ಯಾಡ್ರಿ. ಮಗಳ ಲಗ್ನ ಆಗೂದದ” ಎಂದಿದ್ದರು. ನಾನು ಮಾತು ಕೊಟ್ಟಿದ್ದೆನು. ಆ ಮಾತು ಸತ್ತವರಿಗೂ ಸಲ್ಲುತ್ತದೆಯೆ, ಸಲ್ಲುವುದಿಲ್ಲವೆ ಎಂಬ ವಿಚಾರದಲ್ಲಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಕಥೆಯ ಉಳಿದ ಭಾಗವನ್ನು ಕೊನೆಗೆ ಹೇಳುವೆನು. ಮೊದಲು ಶಾಸ್ತ್ರದ ಮಾತು.

ಅಕಸ್ಮಾತ್ತಾಗಿ ಸತ್ತವರನ್ನು ಪರೀಕ್ಷಿಸುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ದೀರ್ಘಕಾಲ ಮರೆಯಾಗಿದ್ದು, ಅದರ ಪ್ರತಿ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ 1905ರಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದಿತು, 1909ರಲ್ಲಿ ಅಚ್ಚಾಯಿತು. ಅದರ ನಾಲ್ಕನೆಯ ಅಧಿಕರಣದಲ್ಲಿ ‘ಆಶುಮೃತಕಪರೀಕ್ಷೆ’ ಎಂಬ ಒಂದು ಅಧ್ಯಾಯವೇ ಇದೆ. ಶವಕ್ಕೆ ಎಣ್ಣೆ ಸವರಿ ಗುರುತುಗಳನ್ನು ನೋಡಬೇಕು. ಉಳಿದ ಅನ್ನವನ್ನು ಪರೀಕ್ಷಿಸಬೇಕು. ಹೃದಯದ ಚೂರನ್ನು ಬೆಂಕಿಗೆ ಹಾಕಿದಾಗ ಚಿಟಚಿಟನೆ ಸದ್ದಾದರೆ, ಇಲ್ಲವೆ ಕಾಮನಬಿಲ್ಲಿನ ಬಣ್ಣ ಕಂಡರೆ ವಿಷವೆಂದು ತಿಳಿಯಬೇಕು ಎಂದು ಅಲ್ಲಿ ಹೇಳಿದೆ. ಈ ಪರೀಕ್ಷೆಗಳನ್ನು ಇಂದು ಯಾರೂ ಒಪ್ಪರು. ಆದರೆ ಅದೇ ಅಧ್ಯಾಯವು ಇನ್ನೊಂದನ್ನು ಹೇಳುತ್ತದೆ: ಸತ್ತವನ ಆಳುಗಳನ್ನು, ಮನೆಯವರನ್ನು, ಆಸ್ತಿಗೆ ಬಾಧ್ಯರಾದ ಬಂಧುಗಳನ್ನು ವಿಚಾರಿಸಬೇಕು. ಶರೀರದ ಸಾಕ್ಷಿ ಒಂದು, ಮನೆಯ ಸಾಕ್ಷಿ ಒಂದು. ಎರಡನ್ನೂ ಕೂಡಿಸಿ ನೋಡಬೇಕೆಂಬ ಈ ವಿವೇಕವು ಇಂದಿಗೂ ಹಳೆಯದಾಗಿಲ್ಲ.

ನಮ್ಮ ಕನ್ನಡದಲ್ಲಿಯೂ ವಿಷಶಾಸ್ತ್ರದ ಗ್ರಂಥವುಂಟು. 14ನೆಯ ಶತಮಾನದ ಜೈನಕವಿ ಒಂದನೆಯ ಮಂಗರಾಜನು ರಚಿಸಿದ ‘ಖಗೇಂದ್ರಮಣಿದರ್ಪಣ’ವು ವಿಷಗಳನ್ನೂ ಅವುಗಳ ಪರಿಹಾರಗಳನ್ನೂ ಪದ್ಯರೂಪದಲ್ಲಿ ವಿವರಿಸುತ್ತದೆ. ಆದರೆ ವಿಷವನ್ನು ದೇಹದಿಂದ ಬೇರ್ಪಡಿಸಿ ತೋರಿಸುವ ವಿದ್ಯೆ 19ನೆಯ ಶತಮಾನದಲ್ಲಿ ಯುರೋಪಿನಲ್ಲಿ ಬೆಳೆಯಿತು. 1836ರಲ್ಲಿ ಇಂಗ್ಲೆಂಡಿನ ಮಾರ್ಷ್ ಎಂಬವನು ಪಾಷಾಣವನ್ನು ಪತ್ತೆ ಹಚ್ಚುವ ಪರೀಕ್ಷೆಯನ್ನು ಪ್ರಕಟಿಸಿದನು. 1850ರಲ್ಲಿ ಬೆಲ್ಜಿಯಮ್ಮಿನ ಸ್ಟಾಸ್ ಎಂಬ ರಸಾಯನಜ್ಞನು ಕೊಲೆಯಾದ ಒಬ್ಬನ ಶವದಿಂದ ತಂಬಾಕಿನ ನಿಕೋಟಿನ್ ವಿಷವನ್ನು ಬೇರ್ಪಡಿಸಿದನು. ಅವನ ವಿಧಾನವು ಆಟೋ ಎಂಬವನ ತಿದ್ದುಪಾಟಿನೊಡನೆ ಇಂದಿಗೂ ನಮ್ಮ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಭಾರತದಲ್ಲಿ ರಸಾಯನ ಪರೀಕ್ಷಕರ ಪ್ರಯೋಗಾಲಯಗಳು ಮದರಾಸಿನಲ್ಲಿ 1849ರಲ್ಲಿ, ಕಲಕತ್ತೆಯಲ್ಲಿ 1853ರಲ್ಲಿ, ಮುಂಬಯಿಯಲ್ಲಿ 1870ರಲ್ಲಿ ಸ್ಥಾಪಿತವಾದುವು. ಈಗ ಬೆಂಗಳೂರಿನಲ್ಲಿ ರಾಜ್ಯದ ನ್ಯಾಯವಿಜ್ಞಾನ ಪ್ರಯೋಗಾಲಯವೂ ಬೆಳಗಾವಿಯಲ್ಲಿ ಅದರ ಪ್ರಾದೇಶಿಕ ಶಾಖೆಯೂ ಇವೆ.

ಸಂಶಯಾಸ್ಪದವಾದ ಸಾವು ಒದಗಿದಾಗ ಏನು ನಡೆಯುತ್ತದೆ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನ ಪ್ರಕಾರ, ಪೋಲೀಸ್ ಅಧಿಕಾರಿಯು ಆ ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮಕ್ಷಮದಲ್ಲಿ ವಿಚಾರಣೆ ಮಾಡಿ ವರದಿ ಬರೆಯಬೇಕು. ಅದಕ್ಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನಲ್ಲಿಯೂ ಇದೇ ಕ್ರಮವಿದ್ದಿತು. ಬಳಿಕ ವೈದ್ಯರು ಶವವನ್ನು ಕೊಯ್ದು ನೋಡಿ, ಜಠರವನ್ನೂ ಅದರಲ್ಲಿದ್ದ ಪದಾರ್ಥವನ್ನೂ, ಸಣ್ಣ ಕರುಳಿನ ತುಂಡನ್ನೂ, ಯಕೃತ್ತಿನ ಭಾಗವನ್ನೂ, ಎರಡೂ ಮೂತ್ರಪಿಂಡಗಳ ಅರ್ಧರ್ಧವನ್ನೂ ಅಗಲಬಾಯಿಯ ಭರಣಿಗಳಲ್ಲಿ ಇಡುತ್ತಾರೆ. ಅವು ಕೆಡದಂತೆ ಕಾಯುವುದು ಸಾಮಾನ್ಯವಾಗಿ ನಮ್ಮ ಅಡಿಗೆಮನೆಯ ಉಪ್ಪೇ. ಇನ್ನು ಕರಗಲಾರದೆನ್ನುವಷ್ಟು ಉಪ್ಪನ್ನು ಹಾಕಿದ ನೀರು. ರಕ್ತವನ್ನು ಬೇರೆ ಸೀಸೆಯಲ್ಲಿ ಸೋಡಿಯಂ ಫ್ಲೋರೈಡಿನೊಡನೆ ತೆಗೆದಿಡುತ್ತಾರೆ. ಇಲ್ಲವಾದರೆ ಸೂಕ್ಷ್ಮಜೀವಿಗಳು ಕುಡಿಯದವನ ರಕ್ತದಲ್ಲಿಯೂ ಮದ್ಯಸಾರವನ್ನು ಹುಟ್ಟಿಸಬಲ್ಲುವು. ಎಲ್ಲಕ್ಕೂ ಅರಗಿನ ಮುದ್ರೆ ಒತ್ತಿ, ಏನನ್ನು ಹುಡುಕಬೇಕೆಂಬ ಪತ್ರದೊಡನೆ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಈ ಪತ್ರವನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ನಾನು ಹೇಳಬೇಕಾದ ಮಾತೆಲ್ಲ ಅದನ್ನೇ ಸುತ್ತಿಕೊಂಡಿದೆ.

ಮನೋರೋಗದ ಔಷಧಗಳ ವಿಚಾರಕ್ಕೆ ಬರೋಣ. ನಮ್ಮ ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಉಪಕಾರಿಯೆಂದು ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು 1931ರಲ್ಲಿ ಬರೆದರು. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯನು ಲಿಥಿಯಂ ಲವಣವು ಉನ್ಮಾದವನ್ನು ಶಮನಗೊಳಿಸುವುದನ್ನು ಪ್ರಕಟಿಸಿದನು. 1952ರಲ್ಲಿ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧವು ಬಳಕೆಗೆ ಬಂದಿತು. ಅಂದಿನಿಂದ ಇಂತಹ ಔಷಧಗಳು ಒಂದರ ಮೇಲೊಂದು ಬಂದಿವೆ. ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದವರು ಮನೆಗೆ ಮರಳಿ ಬೇಸಾಯ ಮಾಡಿಕೊಂಡು, ನೌಕರಿ ಮಾಡಿಕೊಂಡು, ಮೊಮ್ಮಕ್ಕಳನ್ನು ಆಡಿಸಿಕೊಂಡು ಇರುವಂತಾದುದು ಇವುಗಳ ಉಪಕಾರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಆಡುವ ಮಾತನ್ನು ಕೇಳಿ ಯಾರೂ ತಮ್ಮ ಗುಳಿಗೆಯನ್ನು ಬಿಡಬಾರದು. ಬಿಟ್ಟುದರಿಂದ ಆಗುವ ಕೇಡು ಬಹಳ ದೊಡ್ಡದು.

ಇಂತಹ ಔಷಧ ಸೇವಿಸುತ್ತಿದ್ದವರ ಶವವು ವಿಷಪರೀಕ್ಷೆಗೆ ಬಂದಾಗ ಪರೀಕ್ಷಕನಿಗೆ ನಾಲ್ಕು ತೊಡಕುಗಳು ಎದುರಾಗುತ್ತವೆ.

ಮೊದಲನೆಯದು, ಸತ್ತ ಮೇಲೆ ಔಷಧವು ದೇಹದಲ್ಲಿ ಇದ್ದಲ್ಲಿಯೇ ಇರುವುದಿಲ್ಲ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲೀನಿನಂತಹ ಔಷಧಗಳು ಬದುಕಿದ್ದಾಗ ಯಕೃತ್ತು, ಶ್ವಾಸಕೋಶ, ಹೃದಯದ ಮಾಂಸ ಇವುಗಳಲ್ಲಿ ಶೇಖರವಾಗುತ್ತವೆ. ಪ್ರಾಣ ಹೋದ ಬಳಿಕ ಅಲ್ಲಿಂದ ಮೆಲ್ಲಮೆಲ್ಲನೆ ಜಿನುಗಿ ಹೃದಯದೊಳಗಿನ ರಕ್ತವನ್ನು ಸೇರುತ್ತವೆ. ಆದುದರಿಂದ ಹೃದಯದಿಂದ ತೆಗೆದ ರಕ್ತದಲ್ಲಿ ಔಷಧದ ಪ್ರಮಾಣವು ತೊಡೆಯ ರಕ್ತನಾಳದಿಂದ ತೆಗೆದುದಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಕಾಣಬಹುದು. ವೈದ್ಯರು ಹೇಳಿದಷ್ಟನ್ನೇ ಸೇವಿಸಿದವನು ಮಿತಿಮೀರಿ ನುಂಗಿದವನಂತೆ ತೋರುತ್ತಾನೆ. 1990ರಲ್ಲಿ ಪೌಂಡರ್ ಮತ್ತು ಜೋನ್ಸ್ ಎಂಬ ಇಬ್ಬರು ತಜ್ಞರು ಈ ವಿಷಯವನ್ನು ಕುರಿತು ಬರೆದ ಲೇಖನದ ಶೀರ್ಷಿಕೆಯಲ್ಲಿ ಇದನ್ನು ವಿಷಶಾಸ್ತ್ರದ ದುಃಸ್ವಪ್ನವೆಂದೇ ಕರೆದರು. ರಕ್ತವನ್ನು ತೊಡೆಯಿಂದ ತೆಗೆಯಬೇಕು, ಎಲ್ಲಿಂದ ತೆಗೆದುದೆಂಬುದನ್ನು ಸೀಸೆಯ ಮೇಲೆ ಬರೆಯಬೇಕು ಎಂಬ ನಿಯಮವು ಇದರಿಂದಲೇ ಬಲಗೊಂಡಿತು.

ಎರಡನೆಯದು ಇದರ ತಿರುಗುಮುರುಗು. ದೇಹದಲ್ಲಿ ಔಷಧ ಸಿಗದಿದ್ದರೆ ಅದನ್ನು ಸೇವಿಸಿರಲಿಲ್ಲವೆಂದು ಹೇಳುವಂತಿಲ್ಲ. ನಿದ್ರೆಗೂ ತಳಮಳಕ್ಕೂ ಕೊಡುವ ಕ್ಲೋನಜೆಪಾಮಿನಂತಹ ಗುಳಿಗೆಗಳನ್ನು ಶವದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಬೇರೆ ವಸ್ತುವನ್ನಾಗಿ ಮಾರ್ಪಡಿಸುತ್ತವೆ. ಆ ಮಾರ್ಪಟ್ಟ ವಸ್ತುವನ್ನೂ ಹುಡುಕಿದರೆ ಮಾತ್ರ ಮೂಲದ ಸುಳಿವು ಹತ್ತುತ್ತದೆ. ಲಿಥಿಯಮ್ಮಿನ ಮಾತಂತೂ ಇನ್ನೂ ವಿಚಿತ್ರ. ಅದು ಸೊಪ್ಪು ಬೇರುಗಳ ಸಾರದಂತಹ ವಸ್ತುವಲ್ಲ, ಒಂದು ಲೋಹ. ಸ್ಟಾಸನ ವಿಧಾನಕ್ಕೂ ಅದು ಸಿಕ್ಕದು. ನೂರಾರು ಔಷಧಗಳನ್ನು ಒಂದೇ ಸಲಕ್ಕೆ ಗುರುತಿಸುವ ಗ್ಯಾಸ್ ಕ್ರೊಮಾಟೋಗ್ರಾಫಿ ಯಂತ್ರಕ್ಕೂ ಸಿಕ್ಕದು. ಅದನ್ನು ಹುಡುಕಲು ಬೇರೆಯ ಪರೀಕ್ಷೆಯೇ ಬೇಕು. ಲಿಥಿಯಂ ಇರಬಹುದೆಂದು ಯಾರಾದರೂ ತಿಳಿಸಿದರೆ ಮಾತ್ರ ಆ ಪರೀಕ್ಷೆ ನಡೆದೀತು. ಇಲ್ಲಿಯೂ ಒಂದು ಎಚ್ಚರ ಬೇಕು: ರಕ್ತ ಹೆಪ್ಪುಗಟ್ಟದಂತೆ ಕೆಲವು ಸೀಸೆಗಳಿಗೆ ಹಾಕಿರುವ ಪುಡಿಯಲ್ಲಿಯೇ ಲಿಥಿಯಂ ಇರುತ್ತದೆ. ಅಂತಹ ಸೀಸೆಯಲ್ಲಿ ರಕ್ತವನ್ನು ತುಂಬಿದರೆ ಎಂದೂ ಲಿಥಿಯಂ ಮುಟ್ಟದವನ ರಕ್ತದಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ.

ಮೂರನೆಯದು, ಒಬ್ಬರ ದೇಹದಂತೆ ಇನ್ನೊಬ್ಬರ ದೇಹವಿಲ್ಲ. ಅಮೆರಿಕದಲ್ಲಿ ನಡೆದು 2000ದಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ವರದಿಯಾದ ಒಂದು ಪ್ರಸಂಗವನ್ನು ಕೇಳಿರಿ. 9 ವರ್ಷದ ಒಬ್ಬ ಹುಡುಗನು ಮನೋವೈದ್ಯರು ಬರೆದುಕೊಟ್ಟ ಔಷಧಗಳನ್ನು ಸೇವಿಸುತ್ತಿದ್ದು ತೀರಿಕೊಂಡನು. ಅವನ ದೇಹದಲ್ಲಿ ಫ್ಲುಓಕ್ಸೆಟೀನ್ ಎಂಬ ಔಷಧವು ಅತಿ ಹೆಚ್ಚಿನ ಪ್ರಮಾಣದಲ್ಲಿ ಸಿಕ್ಕಿತು. ಅವನನ್ನು ದತ್ತು ತೆಗೆದುಕೊಂಡು ಸಾಕಿದ ತಂದೆತಾಯಿಗಳ ಮೇಲೆಯೇ ಸಂಶಯ ಬಂದಿತು. ಮಗನನ್ನು ಕಳೆದುಕೊಂಡ ದುಃಖದ ಮೇಲೆ ಕೊಂದರೆಂಬ ಅಪವಾದ! ಕೊನೆಗೆ ಹುಡುಗನ ಅಂಗಾಂಶದ ವಂಶವಾಹಿಯನ್ನು ಪರೀಕ್ಷಿಸಲಾಗಿ, ಆ ಔಷಧವನ್ನು ಕರಗಿಸಿ ಹೊರಗೆ ಹಾಕುವ ಯಕೃತ್ತಿನ ಒಂದು ಕಿಣ್ವವು ಅವನಲ್ಲಿ ಹುಟ್ಟಿನಿಂದಲೇ ಕೆಲಸ ಮಾಡುತ್ತಿರಲಿಲ್ಲವೆಂದು ತಿಳಿದುಬಂದಿತು. ದಿನದಿನದ ಗುಳಿಗೆಯೇ ಒಳಗೆ ಕೂಡಿ ಕೂಡಿ ರಾಶಿಯಾಗಿದ್ದಿತು. ತಂದೆತಾಯಿಗಳು ನಿರಪರಾಧಿಗಳೆಂದು ತೀರ್ಮಾನವಾಯಿತು. ಬದುಕಿನ ರೂಢಿಗಳೂ ಈ ಲೆಕ್ಕವನ್ನು ಬದಲಾಯಿಸಬಲ್ಲುವು. ಕ್ಲೋಜಪೀನ್ ಎಂಬ ಔಷಧವನ್ನು ತಂಬಾಕಿನ ಹೊಗೆಯು ದೇಹದಿಂದ ಬೇಗ ಕಳೆಯುವಂತೆ ಮಾಡುತ್ತದೆ. ದಿನವೂ ಬೀಡಿ ಸೇದುವವನು ಒಮ್ಮೆಲೆ ಅದನ್ನು ಬಿಟ್ಟರೆ, ಗುಳಿಗೆ ಅಷ್ಟೇ ಇದ್ದರೂ ರಕ್ತದಲ್ಲಿ ಔಷಧ ಏರುತ್ತದೆ. ಬೀಡಿ ಬಿಡುವುದು ಒಳ್ಳೆಯದೇ. ಆದರೆ ಆ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ನಾಲ್ಕನೆಯದು, ಕೂಡಬಾರದ ಔಷಧಗಳ ಕೂಟ, ಮತ್ತು ಗುರುತು ಬಿಡದ ಸಾವು. ನಿದ್ರೆಯ ಗುಳಿಗೆಯಿಂದಲೂ ಮದ್ಯದಿಂದಲೂ ಬೇರೆಬೇರೆಯಾಗಿ ಸಾಯದವನು ಎರಡೂ ಕೂಡಿದಾಗ ಉಸಿರು ಕುಗ್ಗಿ ಸಾಯಬಹುದು. ಪರೀಕ್ಷೆಯಲ್ಲಿ ಎರಡರ ಪ್ರಮಾಣವೂ ಸಾಧಾರಣವಾಗಿಯೇ ಕಾಣಬಹುದು. ಮನೋರೋಗದ ಕೆಲವು ಔಷಧಗಳು ಹೃದಯದ ವಿದ್ಯುತ್ ಚಲನೆಯನ್ನು ನಿಧಾನಗೊಳಿಸಿ ಅದರ ಬಡಿತದ ತಾಳವನ್ನು ಕೆಡಿಸಬಲ್ಲುವು. ತಾಳ ತಪ್ಪಿ ನಿಂತ ಹೃದಯವನ್ನು ಕೊಯ್ದು ನೋಡಿದರೆ ಏನೂ ಕಾಣುವುದಿಲ್ಲ. ಅಲ್ಲಿ ಸಹಾಯಕ್ಕೆ ಬರುವುದು ಬದುಕಿದ್ದಾಗ ತೆಗೆದ ಇ.ಸಿ.ಜಿ. ಕಾಗದ, ವೈದ್ಯರ ಚೀಟಿ ಮತ್ತು ಮನೆಯವರ ನೆನಪು. ಇವು ಇಲ್ಲವಾದರೆ ಪ್ರಯೋಗಾಲಯದ ಅಂಕಿ ಮೂಕ ಅಂಕಿಯೇ ಸರಿ.

ಹೀಗೆ ನಾಲ್ಕು ಕಡೆಯಿಂದ ನೋಡಿದರೂ ಒಂದೇ ಮಾತಿಗೆ ಬಂದು ಮುಟ್ಟುತ್ತೇವೆ. ಶವದಲ್ಲಿ ಸಿಕ್ಕ ಔಷಧವೆಲ್ಲ ಸಾವಿನ ಕಾರಣವಲ್ಲ, ಸಿಗದಿದ್ದುದೆಲ್ಲ ನಿರ್ದೋಷಿಯಲ್ಲ. ಯಂತ್ರವು ಪ್ರಮಾಣವನ್ನು ಹೇಳಬಲ್ಲುದು. ಆ ಪ್ರಮಾಣದ ಅರ್ಥವನ್ನು ಹೇಳಲು ಸತ್ತವರು ಹೇಗೆ ಬದುಕಿದ್ದರೆಂಬುದು ತಿಳಿಯಬೇಕು. ಅದನ್ನು ತಿಳಿಸಬಲ್ಲವರು ಮನೆಯವರು. ಮನೆಯವರೇ ಮುಚ್ಚಿಟ್ಟರೆ?

ನನ್ನ ಕಥೆಗೆ ಮರಳುತ್ತೇನೆ. ಮರುದಿನ ಬೆಳಗಾಗುತ್ತಲೆ ನಾನು ಆ ಮನೆಗೆ ಹೋದೆನು. ಮೊದಲು ಠಾಣೆಗೆ ಹೋಗುವುದು ನನಗೆ ಸರಿಯೆನಿಸಲಿಲ್ಲ. ಹುಡುಗನು ನನ್ನ ಹಳೆಯ ಶಿಷ್ಯನು. ಕಟ್ಟೆಯ ಮೇಲೆ ಕೂಡಿಸಿಕೊಂಡು, ಗುಳಿಗೆಯ ವಿಷಯ ನನಗೆ ಗೊತ್ತೆಂದು ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, “ನಮ್ಮಪ್ಪ ಹುಚ್ಚ ಇದ್ದ ಅಂತಾರ್ರಿ ಸರ. ಅಕ್ಕನ ಮಾತುಕತಿ ನಡದಾವ್ರಿ” ಎಂದನು.

“ತಮ್ಮಾ, ಹುಚ್ಚ ಅಂದ್ರ ನಾಕ ದಿನ ಅಂತಾರ. ನಿಮ್ಮ ಕಾಕಾ ಕೊಂದ ಅಂದ್ರ ಎರಡೂ ಮನಿಗೆ ಜಲ್ಮಪೂರ್ತಿ ಅಂತಾರ” ಎಂದೆನು. ಒಳಗಿನಿಂದ ಅವನ ತಾಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆಕೆ ಏನೂ ಮಾತನಾಡದೆ ದೇವರ ಜಗಲಿಗೆ ಹೋಗಿ, ಪಟದ ಹಿಂದಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದು ಮಗನ ಕೈಯಲ್ಲಿಟ್ಟಳು. ಅದರಲ್ಲಿ ಧಾರವಾಡದ ಚೀಟಿಗಳೂ ಗುಳಿಗೆಯ ಹಾಳೆಗಳೂ ಇದ್ದುವು. ನಾವಿಬ್ಬರೂ ಕೂಡಿ ಠಾಣೆಗೆ ಹೋದೆವು. ಫೌಜದಾರರು ಗದರಿಸಲಿಲ್ಲ. ಚೀಲವನ್ನು ತೆಗೆದುಕೊಂಡು, ಹುಡುಗನ ಹೇಳಿಕೆಯನ್ನು ಹೊಸದಾಗಿ ಬರೆದುಕೊಂಡು, ಪ್ರಯೋಗಾಲಯಕ್ಕೆ ಹೋಗುವ ಪತ್ರದಲ್ಲಿ ಔಷಧಗಳ ಹೆಸರನ್ನು ಸೇರಿಸಿದರು. ಅದರಲ್ಲಿ ಮುಖ್ಯವಾದುದು ಲಿಥಿಯಂ.

ಲಿಥಿಯಂ ಒಂದು ಲವಣ. ನಮ್ಮ ಉಪ್ಪಿನ ದಾಯಾದಿ ಎನ್ನಬಹುದು. ಅದರ ಹಿತವಾದ ಪ್ರಮಾಣಕ್ಕೂ ಅಹಿತವಾದ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಸಾಮಾನ್ಯವಾಗಿ ಒಂದು ಲೀಟರ್ ರಕ್ತರಸಕ್ಕೆ 0.6ರಿಂದ 1.0 ಮಿಲಿಮೋಲಿನವರೆಗೆ ಇರುವಂತೆ ವೈದ್ಯರು ನೋಡಿಕೊಳ್ಳುತ್ತಾರೆ; 1.5ನ್ನು ದಾಟಿದರೆ ಅಪಾಯ ಆರಂಭವಾಗುತ್ತದೆ. ಅದಕ್ಕಾಗಿಯೇ ಲಿಥಿಯಂ ಸೇವಿಸುವವರು ಕೆಲವು ತಿಂಗಳಿಗೊಮ್ಮೆ ರಕ್ತವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಅದನ್ನು ಹೊರಗೆ ಹಾಕುವ ಕೆಲಸ ಮೂತ್ರಪಿಂಡಗಳದು. ಬೇಸಗೆಯಲ್ಲಿ ಬೆವರು ಸುರಿದು, ವಾಂತಿಭೇದಿಯಾಗಿ, ಅಥವಾ ಪಥ್ಯವೆಂದು ಉಪ್ಪನ್ನು ಬಿಟ್ಟು ದೇಹದಲ್ಲಿ ನೀರೂ ಉಪ್ಪೂ ಕಡಿಮೆಯಾದರೆ, ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಡಲು ಹೋಗಿ ಅದರ ಜೊತೆಗೆ ಲಿಥಿಯಮ್ಮನ್ನೂ ಹಿಡಿದಿಡುತ್ತವೆ. ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ಗುಳಿಗೆಗಳೂ, ರಕ್ತದೊತ್ತಡಕ್ಕೆ ಕೊಡುವ ಕೆಲವು ಗುಳಿಗೆಗಳೂ ಇದೇ ಕೆಲಸವನ್ನು ಮಾಡುತ್ತವೆ. ಆಗ ಕೈ ನಡುಗುತ್ತದೆ, ನಡಿಗೆ ತಡವರಿಸುತ್ತದೆ, ನಾಲಗೆ ತೊದಲುತ್ತದೆ, ವಾಂತಿಭೇದಿ ಹೆಚ್ಚುತ್ತದೆ, ಬುದ್ಧಿಗೆ ಮಂಕು ಕವಿಯುತ್ತದೆ. ಕಾಣುವವರಿಗೆ ಕುಡಿದವನಂತೆಯೇ ಕಾಣುತ್ತದೆ.

ಪ್ರಯೋಗಾಲಯದ ವರದಿ ಬರಲು ತಿಂಗಳುಗಳಾದುವು. ಕಬ್ಬಿನ ಎಣ್ಣೆಯ ಸುಳಿವೂ ಇರಲಿಲ್ಲ, ಮದ್ಯವೂ ಇರಲಿಲ್ಲ. ಜಠರದಲ್ಲಿ ಗುಳಿಗೆಗಳ ರಾಶಿ ಇರಲಿಲ್ಲ. ಲಿಥಿಯಂ ಮಿತಿಯನ್ನು ಮೀರಿದ್ದಿತು. ನೋವಿನ ಗುಳಿಗೆಯೂ ಸಿಕ್ಕಿತು. ಶವಪರೀಕ್ಷೆಯಲ್ಲಿ ಕಣ್ಣಿನೊಳಗಿನ ದ್ರವವನ್ನೂ ತೆಗೆದಿದ್ದರು. ಸತ್ತ ಬಳಿಕವೂ ಆ ದ್ರವದಲ್ಲಿ ಯೂರಿಯದ ಪ್ರಮಾಣವು ಬಹುಮಟ್ಟಿಗೆ ಹಾಗೆಯೇ ಉಳಿಯುವುದರಿಂದ, ಮೂತ್ರಪಿಂಡಗಳು ಕೆಲವು ದಿನ ಮೊದಲೇ ಸೋತಿದ್ದುವೆಂದು ಅದರಿಂದ ತಿಳಿಯಿತು. ಆ ಹಿರಿಯರಿಗೆ ಒಂದು ವಾರದಿಂದ ಭೇದಿಯಾಗುತ್ತಿದ್ದಿತು, ಯಾರೋ ಹೇಳಿದರೆಂದು ಉಪ್ಪನ್ನು ಬಿಟ್ಟಿದ್ದರು, ಮೊಣಕಾಲು ನೋವಿಗೆ ಗುಳಿಗೆ ನುಂಗುತ್ತಿದ್ದರು ಎಂದು ಮನೆಯವರು ಹೇಳಿದ ಮಾತಿಗೂ ಈ ವರದಿಗೂ ತಾಳೆಯಾಯಿತು. ಕೊಲೆಯೂ ಅಲ್ಲ, ಆತ್ಮಹತ್ಯೆಯೂ ಅಲ್ಲ ಎಂದು ಕಾಗದಪತ್ರ ಮುಗಿಯಿತು. ವರ್ಷದ ತಿಥಿಗೆ ತಮ್ಮನು ಅಣ್ಣನ ಮನೆಗೆ ಬಂದು ಎಲೆಯ ಮುಂದೆ ಕುಳಿತನು. ಬದುವಿನ ವ್ಯಾಜ್ಯ ಹಾಗೆಯೇ ಇದೆ. ಆದರೆ ಆ ಮನೆಗಳ ನಡುವೆ ರಕ್ತದ ಮಾತಿಲ್ಲ.

ಚೀಟಿಗಳು ಪಟದ ಹಿಂದೆಯೇ ಉಳಿದಿದ್ದರೆ ಲಿಥಿಯಮ್ಮನ್ನು ಯಾರು ಹುಡುಕುತ್ತಿದ್ದರು? ‘ವಿಷ ಪತ್ತೆಯಾಗಲಿಲ್ಲ’ ಎಂದು ವರದಿ ಬರುತ್ತಿದ್ದಿತು. ಊರಿನ ಸಂಶಯಕ್ಕೆ ಅಂತಹ ವರದಿಯಿಂದ ಕೊನೆಯಿಲ್ಲ. ‘ಪತ್ತೆ ಹತ್ತದ ಮದ್ದು ಹಾಕ್ಯಾನ’ ಎಂದು ಇನ್ನೊಂದು ಮಾತು ಹುಟ್ಟುತ್ತಿದ್ದಿತು.

ಆದರೆ ನನ್ನನ್ನು ಇಂದಿಗೂ ಬಾಧಿಸುವುದು ಬೇರೊಂದು ಸಂಗತಿ. ಅವರು ತೀರಿಕೊಳ್ಳುವುದಕ್ಕೆ ಎರಡು ದಿನ ಮೊದಲು ನಾನು ಅವರನ್ನು ಬಸ್ ನಿಲ್ದಾಣದ ಹತ್ತಿರ ಕಂಡಿದ್ದೆನು. ಹೆಜ್ಜೆ ತಪ್ಪುತ್ತಿದ್ದಿತು. ನನ್ನನ್ನು ನೋಡಿ ಏನೋ ಹೇಳಲು ಹೋದರು, ಮಾತು ಹೊರಡಲಿಲ್ಲ. ಇಷ್ಟು ಹೊತ್ತಿಗೇ ಕುಡಿದಿದ್ದಾರೆ ಎಂದುಕೊಂಡು ನಾನು ಮುಖ ತಿರುಗಿಸಿ ನಡೆದುಬಿಟ್ಟೆನು. ಅವರ ಕೈಯಲ್ಲಿ ಧಾರವಾಡದ ಚೀಟಿಯನ್ನು ಕಂಡಿದ್ದವನು ಊರಿನಲ್ಲಿ ನಾನೊಬ್ಬನೇ. ಅಂದು ನಾನು ಅವರನ್ನು ಆಸ್ಪತ್ರೆಗೆ ಕರೆದೊಯ್ದಿದ್ದರೆ ರಕ್ತದ ಒಂದು ಪರೀಕ್ಷೆಯಿಂದ ನಿಜ ತಿಳಿಯುತ್ತಿದ್ದಿತು. ಸತ್ತ ಮೇಲೆ ಮಾಡಿದ ಪರೀಕ್ಷೆ ತಮ್ಮನ ಮಾನವನ್ನು ಕಾಯಿತು. ಬದುಕಿದ್ದಾಗಲೇ ಮಾಡಿದ್ದರೆ ಅಣ್ಣನ ಪ್ರಾಣವನ್ನೇ ಕಾಯಬಹುದಾಗಿದ್ದಿತು. ಗುಟ್ಟನ್ನು ಕಾಯುವುದೇ ದೊಡ್ಡದೆಂದು ತಿಳಿದ ನಾನು ಆ ಗುಟ್ಟಿನಲ್ಲಿದ್ದ ಮನುಷ್ಯನನ್ನು ಕಾಯಲಿಲ್ಲ.

ಆದುದರಿಂದ ಈ ಮಾತನ್ನು ಕೇಳುತ್ತಿರುವ ಮನೆಗಳಲ್ಲಿ ನನ್ನ ಬಿನ್ನಹ ಇಷ್ಟು. ಮನೆಯಲ್ಲಿ ಯಾರಾದರೂ ಮನಸ್ಸಿನ ಬೇನೆಗೆ ಔಷಧ ಸೇವಿಸುತ್ತಿದ್ದರೆ ಅದರ ಚೀಟಿಯನ್ನು ಸುಲಭವಾಗಿ ಕೈಗೆ ಸಿಗುವ ಸ್ಥಳದಲ್ಲಿಡಿರಿ. ಇನ್ನೊಬ್ಬರಿಗಾದರೂ ಅದು ಎಲ್ಲಿದೆಯೆಂದು ಗೊತ್ತಿರಲಿ. ಜ್ವರವಿರಲಿ, ಮೊಣಕಾಲು ನೋವಿರಲಿ, ಬೇರೆ ಯಾವ ವೈದ್ಯರ ಬಳಿಗೆ ಹೋದರೂ, ಔಷಧದ ಅಂಗಡಿಗೆ ಹೋದರೂ ಮೊದಲು ಆ ಚೀಟಿಯನ್ನು ತೋರಿಸಿರಿ. ಲಿಥಿಯಂ ಸೇವಿಸುವವರಿಗೆ ವಾಂತಿಭೇದಿ ಹಿಡಿದರೆ, ಕೈ ನಡುಗಿ ಹೆಜ್ಜೆ ತಪ್ಪಿದರೆ, ಆ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಉಪ್ಪನ್ನಾಗಲಿ ಗುಳಿಗೆಯನ್ನಾಗಲಿ ವೈದ್ಯರನ್ನು ಕೇಳದೆ ಬಿಡಬೇಡಿರಿ. ದೈವವಶಾತ್ ಸಾವೇ ಒದಗಿದರೆ, ಪೋಲೀಸರು ಕೇಳಿದಾಗ ಸೇವಿಸುತ್ತಿದ್ದ ಎಲ್ಲ ಔಷಧಗಳ ಹೆಸರನ್ನೂ ಹೇಳಿರಿ. ಉಳಿದ ಗುಳಿಗೆಗಳನ್ನು ಒಲೆಗೆ ಹಾಕದೆ, ಎಣಿಸಿ ಅವರ ಕೈಗೆ ಕೊಡಿರಿ. ಎಷ್ಟು ಉಳಿದಿವೆಯೆಂಬುದೂ ಒಂದು ಸಾಕ್ಷಿಯೇ.

ಹೇಳಿದರೆ ಊರಿಗೆಲ್ಲ ಗೊತ್ತಾಗುವುದೆಂಬ ಭಯ ಸಹಜವಾದುದು. ಆದರೆ ತನಿಖೆಯ ಅಧಿಕಾರಿಗೆ ಹೇಳುವುದೂ ಅಗಸೆಯ ಕಟ್ಟೆಯಲ್ಲಿ ಹೇಳುವುದೂ ಒಂದೇ ಅಲ್ಲ. 2017ರಲ್ಲಿ ಅಂಗೀಕೃತವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ರೋಗಿಯ ವಿವರಗಳನ್ನು ಗೋಪ್ಯವಾಗಿಡುವುದು ಅವನ ಹಕ್ಕೆಂದು ಹೇಳುತ್ತದೆ. ಅದೇ ಕಾಯಿದೆಯು, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರವಾದ ಒತ್ತಡಕ್ಕೆ ಸಿಕ್ಕವರೆಂದೇ ಭಾವಿಸಿ, ಅವರ ಆರೈಕೆಯನ್ನು ಸರ್ಕಾರದ ಹೊಣೆಯನ್ನಾಗಿ ಮಾಡಿದೆ. ಮನಸ್ಸು ಕುಗ್ಗಿ ದಾರಿ ಕಾಣದಾದವರು, ಅವರನ್ನು ಕಂಡು ಕಂಗೆಟ್ಟ ಮನೆಯವರು 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ದೂರವಾಣಿ ಮಾಡಬಹುದು. ಟೆಲಿ ಮಾನಸ್ ಎಂಬ ಈ ಸೇವೆಯು 2022ರ ಅಕ್ಟೋಬರದಲ್ಲಿ ಆರಂಭವಾಯಿತು. ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ.

ಸಕ್ಕರೆಯ ರೋಗಕ್ಕೆ ಗುಳಿಗೆ ನುಂಗುವವರು ನಾಲ್ಕು ಜನರ ಎದುರಿನಲ್ಲಿ ಡಬ್ಬಿ ತೆಗೆಯುತ್ತಾರೆ, ಯಾರೂ ನಗುವುದಿಲ್ಲ. ಮನಸ್ಸಿನ ಗುಳಿಗೆಯೂ ಪಟದ ಹಿಂದಿನಿಂದ ಹೊರಗೆ ಬಂದು ಆ ಡಬ್ಬಿಯ ಪಕ್ಕದಲ್ಲಿ ಕೂಡುವ ದಿನ ಬರಲಿ. ಆ ಹಿರಿಯರ ಮಗಳ ಮದುವೆ ಮರುವರ್ಷವೇ ಆಯಿತು. ಬೀಗರಿಗೆ ಎಲ್ಲ ಸಂಗತಿಯನ್ನೂ ತಾಯಿಯೇ ಮೊದಲು ಹೇಳಿದ್ದಳಂತೆ. ನಾನು ಅಕ್ಷತೆ ಹಾಕಿ ಬಂದೆನು.